ಕಲಾಯಿ ಹೋದ ಪಿನ್ನು

ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ನಮ್ಮ ಅಜ್ಜಿಯರು ಎರಡನ್ನೂ ಬೇರೆಬೇರೆಯಾಗಿಯೇ ಕಂಡವರು. ಗುದ್ದಲಿ ತುಕ್ಕು ಹಿಡಿದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಿತ್ತಾಳೆ ಪಾತ್ರೆಯ ಕಲಾಯಿ ಮಾಸಿತೆಂದರೆ ಮಾತ್ರ ಅದರಲ್ಲಿ ಹುಳಿ ಕುದಿಸುತ್ತಿರಲಿಲ್ಲ. ಚಿಂತಾಮಣಿಯ ಟೊಮೆಟೊ ಮಂಡಿಗೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಓಡುವ ಪಿಕಪ್ ಗಾಡಿಗಳ ಆರೈಕೆ ನೋಡಿದರೆ ಆ ವಿವೇಕ ತಿರುಗುಮುರುಗಾದಂತಿದೆ. ಚಾಸಿಯ ತುಕ್ಕಿಗೆ ಅಂಜಿ ಮಾಡುವ ಉಪಚಾರವೇ ಡೀಸೆಲ್ ವ್ಯವಸ್ಥೆಯ ವೈರು ಜೋಡಿಸುವ ಕಪ್ಲರ್‌ಗಳಿಗೆ ಕಿಲುಬು ತರುತ್ತಿದೆ.

ಹಳೆಯ ಪಂಪಿನ ಗಾಡಿಗಳ ಕಾಲದಲ್ಲಿ ಇದು ದೊಡ್ಡ ಮಾತಾಗಿರಲಿಲ್ಲ. ಡೀಸೆಲ್ ಬಂದರೆ ಗಾಡಿ ಓಡುತ್ತಿತ್ತು, ಗಾಳಿ ಸೇರಿದರೆ ನಿಲ್ಲುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ಹೊಗೆ ನಿಯಮ ದೇಶದ ಉದ್ದಗಲಕ್ಕೂ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್-6. ಈಗಿನ ಕಾಮನ್ ರೇಲ್ ಎಂಜಿನ್‌ನಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮಿಕ್ಕಿದ ಒತ್ತಡಕ್ಕೆ ಏರುತ್ತದೆ. ಆ ಒತ್ತಡ ಎಷ್ಟೆಂದು ಕಂಪ್ಯೂಟರ್‌ಗೆ ಹೇಳುವುದು ಮೂರೇ ವೈರಿನ ಒಂದು ಪುಟ್ಟ ಸೆನ್ಸರ್. ಐದು ವೋಲ್ಟ್ ಒಂದರಲ್ಲಿ ಹೋಗುತ್ತದೆ, ಇನ್ನೊಂದು ಅರ್ತ್, ಮೂರನೆಯದರಲ್ಲಿ ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆಯವರೆಗೆ ಉತ್ತರ ಬರುತ್ತದೆ. ಅರವತ್ತು ವಾಟಿನ ಹೆಡ್‌ಲೈಟ್ ಐದು ಆಂಪಿಯರ್ ಎಳೆಯುತ್ತದೆ. ಅದರ ಸಾಕೆಟ್ಟಿನಲ್ಲಿ ಕೊಂಚ ಕಿಲುಬಿದ್ದರೆ ಬೆಳಕು ಮಂಕಾದೀತು, ಅಷ್ಟೆ. ಸೆನ್ಸರ್‌ನದು ಮಿಲಿಆಂಪಿಯರ್‌ಗಳ ಪಿಸುಮಾತು. ಅಲ್ಲಿ ಒಂದು ವೋಲ್ಟಿನ ಹತ್ತನೇ ಒಂದು ಪಾಲು ತಪ್ಪಿದರೆ ಹತ್ತಾರು ಬಾರ್ ಒತ್ತಡವೇ ತಪ್ಪಿ ಕಾಣುತ್ತದೆ. ಚೆಕ್ ಲೈಟ್ ಹೊತ್ತಿಕೊಳ್ಳುತ್ತದೆ, ನಂದಿಯ ಕಡೆ ಏರು ಸಿಕ್ಕಾಗ ಗಾಡಿ ಉಸಿರು ಕಟ್ಟಿದಂತೆ ಆಡುತ್ತದೆ.

ನಮ್ಮ ಸೀಮೆಗೆ ಕಡಲಿಲ್ಲ, ಉಪ್ಪುಗಾಳಿಯಿಲ್ಲ. ಹಾಗಾಗಿ ಇಲ್ಲಿ ಲೋಹ ತಿನ್ನುವುದೇನಿದೆ ಎಂದು ಕೇಳುವವರಿದ್ದಾರೆ. ಅವರು ಒಂದು ವಾರ ಪಿಕಪ್ಪಿನ ಟಪ್ಪದಲ್ಲಿ ಏನೇನು ಏರುತ್ತದೆಂದು ನೋಡಬೇಕು. ಒಡೆದ ಟೊಮೆಟೊ ಕ್ರೇಟಿನಿಂದ ಸೋರುವ ಹುಳಿ. ಹೂವಿನ ಮೂಟೆ ಬಾಡದಿರಲೆಂದು ಚಿಮುಕಿಸಿದ ನೀರು. ದ್ರಾಕ್ಷಿ ತೋಟಕ್ಕೆ ಹೋಗುವ ಮೈಲುತುತ್ತ. ಅದೇ ತೋಟಕ್ಕೆ ಕೋಳಿ ಗೊಬ್ಬರ. ಆ ಗೊಬ್ಬರದಿಂದ ಏಳುವ ಅಮೋನಿಯಕ್ಕೆ ತಾಮ್ರ ಹಿತ್ತಾಳೆಯೆಂದರೆ ವಿಶೇಷ ಪ್ರೀತಿ. ಶಿಡ್ಲಘಟ್ಟದ ಕಡೆ ಇನ್ನೊಂದಿದೆ: ಬೆಳೆ ಮುಗಿದ ಮೇಲೆ ಹುಳುಮನೆ ತೊಳೆಯಲು ಒಯ್ಯುವ ಬ್ಲೀಚಿಂಗ್ ಪುಡಿ. ಚೀಲ ಹರಿದು ಚೆಲ್ಲಿದ ಪುಡಿಗೆ ಹಿಪ್ಪುನೇರಳೆ ಸೊಪ್ಪಿನ ತೇವ ಸೇರಿದರೆ ಸಾಕು, ಕಡಲತೀರವೇ ಟಪ್ಪಕ್ಕೆ ಬಂದಂತೆ. ಇವೆಲ್ಲ ಹಲಗೆಯ ಸಂದಿನಲ್ಲಿ ಇಳಿದು ಚಾಸಿಯುದ್ದಕ್ಕೂ ಸಾಗುವ ವೈರಿಂಗ್ ಮೇಲೆ, ಡೀಸೆಲ್ ಟ್ಯಾಂಕಿನ ಗೇಜಿನ ಕಪ್ಲರ್ ಮೇಲೆ, ಕೆಲವು ಗಾಡಿಗಳಲ್ಲಿ ಫಿಲ್ಟರ್ ಮೇಲೂ ಬೀಳುತ್ತವೆ.

ತೊಳೆಯಬೇಕು, ಸರಿ. ಹೇಗೆ ತೊಳೆಯುತ್ತೇವೆ ಎಂಬಲ್ಲಿ ನನ್ನ ತಕರಾರು. ಮಂಡಿಯಿಂದ ಕಾದ ಎಂಜಿನ್ ಸಮೇತ ಬಂದ ಗಾಡಿ ನೇರ ವಾಟರ್ ಸರ್ವೀಸ್‌ಗೆ ನುಗ್ಗುತ್ತದೆ. ಬಾನೆಟ್ ಎತ್ತಿ ಪ್ರೆಷರ್ ಪೈಪು ಹಿಡಿಯುತ್ತಾರೆ. ಕಪ್ಲರ್‌ನೊಳಗಿನ ಬಿಸಿಗಾಳಿ ತಣ್ಣೀರು ತಗುಲಿದೊಡನೆ ಕುಗ್ಗಿ, ರಬ್ಬರ್ ಸೀಲಿನ ಅಂಚಿನಿಂದ ನೀರನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಅದೂ ಎಂಥ ನೀರು? ಸಾವಿರ ಅಡಿ ದಾಟಿದ ಕೊಳವೆಬಾವಿಯ ಗಡಸು ನೀರು. ಒಣಗಿದರೂ ಬಿಳಿ ಪೊರೆ ಬಿಟ್ಟೇ ಹೋಗುವಂಥದ್ದು. ಆಯುಧಪೂಜೆಯ ಮುನ್ನಾದಿನ ಈ ಅಂಗಡಿಗಳ ಮುಂದಿನ ಸಾಲು ನೋಡಿದಾಗಲೆಲ್ಲ ನನಗೆ ನಿಂಬೆಹಣ್ಣಿಗಿಂತ ಆ ಪೈಪಿನ ಮೇಲೆ ಹೆಚ್ಚು ಭಯ.

ತೊಳೆದಾದ ಮೇಲೆ ಆಯಿಲ್ ಸ್ಪ್ರೇ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲಿಗೆ ಡೀಸೆಲ್ ಬೆರೆಸಿ ಚಾಸಿಗೆ ಹೊಡೆಯುವ ಈ ಪದ್ಧತಿ ಕಬ್ಬಿಣದ ಮಟ್ಟಿಗೆ ಪ್ರಯೋಜನವಿಲ್ಲದ್ದೇನಲ್ಲ, ಒಪ್ಪುತ್ತೇನೆ. ಆದರೆ ಆಯಿಲಿಗೆ ರಬ್ಬರ್ ಯಾವುದು, ತಗಡು ಯಾವುದು ಎಂಬ ಭೇದವಿಲ್ಲ. ಸೀಲು ಉಬ್ಬಿ ಮೆತ್ತಗಾಗುತ್ತದೆ, ಅಂಟಿದ ಆಯಿಲಿಗೆ ಗೌರಿಬಿದನೂರು ರಸ್ತೆಯ ಧೂಳು ಮೆತ್ತಿ ತೇವ ಹಿಡಿದಿಡುತ್ತದೆ. ಹೊರಗೆ ಮಿರಮಿರ ಮಿಂಚುವ ಚಾಸಿ, ಒಳಗೆ ಹಸಿರುಗಟ್ಟಿದ ಪಿನ್ನು. ಈ ಪದ್ಧತಿಯನ್ನು ಬಿಡಬೇಕೆಂದೇ ನನ್ನ ತೀರ್ಮಾನ.

ಇನ್ನು ಗ್ಯಾರೇಜು. “ಅಣ್ಣಾ, ಸೆನ್ಸರ್ ಹೋಗೈತೆ, ಬದ್ಲಾಯಿಸ್ಬೇಕು” ಎಂಬ ಮಾತು ಎಷ್ಟು ಸಲ ಕೇಳಿಲ್ಲ! ಸ್ಕ್ಯಾನರ್ ಹಾಕಿದರೆ ಸೆನ್ಸರ್‌ನ ಹೆಸರು ತೋರಿಸುತ್ತದೆ, ನಿಜ. ಆದರೆ ಸೆನ್ಸರ್ ಕೆಟ್ಟಿದೆಯೋ, ಅದರ ದಾರಿ ಕೆಟ್ಟಿದೆಯೋ ಎಂದು ಆ ಪೆಟ್ಟಿಗೆ ಬಿಡಿಸಿ ಹೇಳುವುದಿಲ್ಲ. ಕೆಲವರು ಕಪ್ಲರ್ ಬಿಚ್ಚಿ ಪಿನ್ನಿಗೆ ಸ್ಯಾಂಡ್‌ಪೇಪರ್ ಉಜ್ಜುತ್ತಾರೆ. ಗಾಡಿ ತಕ್ಷಣ ಸರಿಹೋಗುತ್ತದೆ, ಎಲ್ಲರಿಗೂ ಖುಷಿ. ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದ ಎಚ್. ನರಸಿಂಹಯ್ಯನವರು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು; ಅವರಿದ್ದಿದ್ದರೆ ಈ ಪವಾಡವನ್ನೂ ಪ್ರಶ್ನಿಸುತ್ತಿದ್ದರೇನೋ. ಪಿನ್ನಿನ ಮೈಮೇಲಿರುವುದು ಸಾಮಾನ್ಯವಾಗಿ ತವರದ ತೆಳು ಲೇಪ, ಅಂದರೆ ಕಲಾಯಿ. ಉಜ್ಜಿದಾಗ ಕಿಲುಬಿನ ಜೊತೆ ಕಲಾಯಿಯೂ ಹೋಯಿತು. ಮುಂದಿನ ಮಳೆಗೆ ಅದೇ ಪಿನ್ನು ಮೊದಲಿಗಿಂತ ಬೇಗ ಹಸಿರಾಗುತ್ತದೆ.

ಇದಕ್ಕಿಂತ ಕೆಟ್ಟ ಅಭ್ಯಾಸ ಟೆಸ್ಟ್ ಲ್ಯಾಂಪಿನ ಸೂಜಿಯಿಂದ ವೈರಿನ ಮೈ ಚುಚ್ಚಿ ಕರೆಂಟ್ ನೋಡುವುದು. ಆ ಸಣ್ಣ ತೂತಿನಿಂದ ಒಳಹೊಕ್ಕ ನೀರನ್ನು ತಾಮ್ರದ ಎಳೆಗಳು ದೀಪದ ಬತ್ತಿ ಎಣ್ಣೆ ಎಳೆದಂತೆ ಎಳೆದುಕೊಳ್ಳುತ್ತವೆ. ತೂತು ಇಲ್ಲಿ, ಕಿಲುಬು ಗೇಣುದ್ದ ಆಚೆ. ಮೇಲೆ ಟೇಪು ಸುತ್ತಿದರೆ ನೀರು ಹೊರಬರುವ ದಾರಿಯೂ ಮುಚ್ಚಿತು. ಹೀಗಾದ ವೈರಿನ ಸಿಪ್ಪೆ ಸುಲಿದರೆ ಒಳಗೆ ತಾಮ್ರದ ಬದಲು ಕಪ್ಪು ಪುಡಿ.

ಒಳ್ಳೆಯ ಕೆಲಸ ನಿಧಾನದ್ದು, ಆದರೆ ದುಬಾರಿಯದಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದು ಕಪ್ಲರ್ ಬಿಚ್ಚಿ, ಬೆಳಕಿಗೆ ಹಿಡಿದು ಹಸಿರು, ಬಿಳಿ, ಕಪ್ಪು ಕಲೆ ಹುಡುಕಬೇಕು. ಸೀಲು ಇದೆಯೇ, ಪಿನ್ನು ಸಡಿಲವೇ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಲು ಬಿಡಬೇಕು. ಸಿಲಿಕೋನ್ ಗ್ರೀಸನ್ನು ಸೀಲಿಗೆ ತೆಳುವಾಗಿ ಸವರಿದರೆ ಸಾಕು. ಬೇರಿಂಗ್ ಗ್ರೀಸನ್ನು ಕಪ್ಲರ್ ತುಂಬ ತುರುಕುವುದು ಬೇಡ. ವೈರು ಕಪ್ಲರ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಚಾಸಿಗೆ ಅರ್ತ್ ಕಟ್ಟಿರುವ ಬೋಲ್ಟನ್ನು ಮರೆಯಬಾರದು: ಕಬ್ಬಿಣದ ತುಕ್ಕು ನಿಜವಾಗಿ ಎಲೆಕ್ಟ್ರಾನಿಕ್ಸ್ ಕೆಡಿಸುವ ಜಾಗ ಅದೊಂದೇ, ಸ್ಯಾಂಡ್‌ಪೇಪರ್‌ಗೆ ಕೆಲಸವಿರುವುದೂ ಅಲ್ಲೇ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ಆಗಾಗ ನೀರು ಬಿಡುವುದನ್ನು ನಮ್ಮ ಹಳೆಯ ಡ್ರೈವರ್‌ಗಳು ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದರು. ಈ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ.

ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಒಂದೇ ಹೆದ್ದಾರಿಯ ಮೇಲೆ ಬಾಡಿಗೆ ಓಡಿಸುವ ಅಣ್ಣತಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಆಯುಧಪೂಜೆಗೆ ಆಯಿಲ್ ಸ್ಪ್ರೇ ಬೇಡವೆನ್ನಿ, ಆ ದುಡ್ಡಿನಲ್ಲಿ ಒಂದು ಡಬ್ಬಿ ಕಾಂಟ್ಯಾಕ್ಟ್ ಕ್ಲೀನರ್ ತನ್ನಿ. ಎಂಜಿನ್ ಆರಿದ ಮೇಲೆ ತೊಳೆಸಿ. ಬಾನೆಟ್ಟಿನ ಒಳಗೆ ಮಾತ್ರ ಪೈಪು ಬೇಡ, ಒದ್ದೆ ಬಟ್ಟೆ ಸಾಕು.