ಗಣಿಯ ಹುಡುಗನೂ ಕೂಲಿಯ ನ್ಯಾಯವೂ

ದಕ್ಷಿಣ ಆಫ್ರಿಕದ ಪೀಟರ್ ಅಬ್ರಹಾಮ್ಸ್ ಎಂಬ ಲೇಖಕನ 'ಮೈನ್ ಬಾಯ್' ಎಂಬ ಕಾದಂಬರಿಯು 1946ರಲ್ಲಿ ಪ್ರಕಟವಾಯಿತು. ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗಳಲ್ಲಿ ದುಡಿಯುವ ಕರಿಯ ಕೂಲಿಗಾರರ ಜೀವನವೇ ಇದರ ವಸ್ತು. ಗ್ರಂಥಕರ್ತನು 1919ರಲ್ಲಿ ಅದೇ ನಗರದಲ್ಲಿ ಹುಟ್ಟಿ, 1939ರಲ್ಲಿ ತಾಯ್ನಾಡನ್ನು ತೊರೆದು, ಕೊನೆಗೆ ಜಮೈಕದಲ್ಲಿ ನೆಲೆಸಿ 2017ರಲ್ಲಿ ತೀರಿಕೊಂಡನು. ವರ್ಣದ್ವೇಷವನ್ನು ಖಂಡಿಸುವ ಕೃತಿಗಳು ಹಲವಿರಬಹುದು; ಆ ದ್ವೇಷವು ಕೂಲಿಯ ಲೆಕ್ಕದೊಳಗೆ ಹೇಗೆ ಅಡಗಿ ಕುಳಿತಿರುತ್ತದೆ ಎಂಬುದನ್ನು ಕಾಣಿಸಹೊರಟ ಕಾರಣ ಇದು ವಿಮರ್ಶೆಗೆ ಅರ್ಹವಾಗಿದೆ.

ಕೃತಿಯ ಹೆಸರಿನಲ್ಲಿಯೇ ಧ್ವನಿಯುಂಟು. ಕಥಾನಾಯಕನಾದ ಕ್ಸೂಮನು ಹುಡುಗನಲ್ಲ. ಉತ್ತರದ ಹಳ್ಳಿಯಿಂದ ಬಂದ ದೃಢಕಾಯನಾದ ಪ್ರಾಯದವನು. ಆದರೆ ಆ ನಾಡಿನಲ್ಲಿ ತಲೆ ನರೆತ ಕರಿಯನನ್ನೂ ಬಿಳಿಯರು 'ಬಾಯ್' ಎಂದೇ ಕರೆಯುತ್ತಿದ್ದರು. ಆಳುಗಳ ಮೇಸ್ತ್ರಿಯಾದ ಮೇಲೆಯೂ ಕ್ಸೂಮನು 'ಬಾಸ್ ಬಾಯ್' ಅಷ್ಟೆ. ಹುಡುಗನೆಂದು ಕರೆದ ಬಳಿಕ ಹುಡುಗನ ಕೂಲಿಯನ್ನು ಕೊಡಲು ಯಾವ ಸಂಕೋಚವೂ ಇರುವುದಿಲ್ಲ.

ಈ ತಾರತಮ್ಯವು ಒಬ್ಬಿಬ್ಬರು ಒಡೆಯರ ಕ್ರೌರ್ಯದಿಂದ ಹುಟ್ಟಿದುದಲ್ಲ. 1911ರ ಗಣಿ ಶಾಸನದ ನಿಬಂಧನೆಗಳು ಕುಶಲ ಕೆಲಸದ ಅರ್ಹತಾಪತ್ರಗಳನ್ನು ಬಿಳಿಯರಿಗೆ ಮೀಸಲಾಗಿಟ್ಟವು. ನ್ಯಾಯಾಲಯವು ಅವನ್ನು ತಳ್ಳಿಹಾಕಿದಾಗ 1926ರ ತಿದ್ದುಪಡಿಯು ಆ ಬೇಲಿಯನ್ನು ಮತ್ತೆ ಕಟ್ಟಿತು. 1913ರ ಭೂಶಾಸನವು ಕರಿಯರ ಪಾಲಿಗೆ ನಾಡಿನ ನೆಲದಲ್ಲಿ ನೂರಕ್ಕೆ ಸುಮಾರು 7ರಷ್ಟನ್ನು ಮಾತ್ರ ಉಳಿಸಿತು. ಉಳಲು ನೆಲವಿಲ್ಲದವನು ಗಣಿಗೆ ಬಂದನು. ಊರಿನಲ್ಲಿ ಹೆಂಡಿರು ಮಕ್ಕಳು ಬೇಸಾಯದಿಂದ ಬದುಕಿಕೊಳ್ಳುವರೆಂಬ ನೆವದಿಂದ ಒಂಟಿಯಾಳಿನ ಹೊಟ್ಟೆಗೆ ಸಾಲುವಷ್ಟು ಕೂಲಿಯನ್ನು ಗೊತ್ತುಮಾಡಿದರು. 1911ರಲ್ಲಿ ಬಿಳಿಯ ಗಣಿಗಾರನ ಸಂಪಾದನೆಯು ಕರಿಯನದರ ಸುಮಾರು 12 ಪಟ್ಟು ಇತ್ತು. 1970ರ ಹೊತ್ತಿಗೆ ಅದು ಸುಮಾರು 20 ಪಟ್ಟಾಗಿತ್ತು.

ಇಂತಹ ಅಂಕಿಗಳನ್ನು ಕಾದಂಬರಿಕಾರನು ಹೇಳುವುದಿಲ್ಲ, ಹೇಳದೆ ತೋರಿಸುತ್ತಾನೆ. ಕ್ಸೂಮನ ಮೊದಲ ದಿನದ ಸನ್ನಿವೇಶವನ್ನು ನೋಡಬೇಕು. ಆಳುಗಳು ಹೊತ್ತು ಮುಳುಗುವವರೆಗೂ ಬೆವರು ಸುರಿಸಿ ದುಡಿದರೂ ಮರಳಿನ ದಿಬ್ಬವು ಬೆಳಿಗ್ಗೆ ಇದ್ದಷ್ಟೇ ಇದೆ. ದುಡಿಮೆಯ ಫಲವು ದುಡಿದವನ ಕಣ್ಣಿಗೂ ಬೀಳದೆಂಬ ಭಯ ಅವನನ್ನು ಹಿಡಿಯುತ್ತದೆ. ಇನ್ನೊಂದೆಡೆ, ರಕ್ತ ಕಾರುವ ರೋಗಿಯೊಬ್ಬನು ತನ್ನ ಬೇನೆಯನ್ನು ಹೊರಗೆಡಹಬಾರದೆಂದು ಅಂಗಲಾಚುತ್ತಾನೆ. ಸಾಲ ತೀರುವವರೆಗೆ ಅವನಿಗೆ ಸಾಯಲೂ ಬಿಡುವಿಲ್ಲ. ಈ ಎರಡು ಚಿತ್ರಗಳಲ್ಲಿ ಕರುಣರಸವು ಅತಿರೇಕವಿಲ್ಲದೆ ಸಿದ್ಧಿಸಿದೆ.

ಆದರೆ ಮುಕ್ತಾಯವು ಈ ಎತ್ತರವನ್ನು ಉಳಿಸಿಕೊಂಡಿಲ್ಲ. ಗಣಿಯೊಳಗಿನ ಅಪಘಾತದಲ್ಲಿ ಇಬ್ಬರು ಸತ್ತ ಮೇಲೆ ಕ್ಸೂಮನು ಕೆಳಗಿಳಿಯಲು ನಿರಾಕರಿಸುತ್ತಾನೆ. ಅವನ ಬಿಳಿಯ ಮೇಲಾಳಾದ ಪ್ಯಾಡಿಯೂ ಪಕ್ಕದಲ್ಲಿ ನಿಂತು ಸೆರೆಗೆ ಹೋಗುತ್ತಾನೆ. ಬಣ್ಣಕ್ಕಿಂತ ಮೊದಲು ಮನುಷ್ಯನೆಂಬ ತತ್ತ್ವವು ಇಲ್ಲಿ ಧ್ವನಿಯನ್ನು ಬಿಟ್ಟು ಉಪದೇಶವಾಗಿ ಇಳಿಯುತ್ತದೆ. ತತ್ತ್ವವು ಸತ್ಯವೇ, ಕೊರತೆಯಿರುವುದು ಬೇರೆಡೆ. ಪ್ಯಾಡಿಯ ದೊಡ್ಡ ಸಂಬಳವು ಕ್ಸೂಮನ ಸಣ್ಣ ಕೂಲಿಯ ಹೆಗಲ ಮೇಲೆ ನಿಂತಿದೆ. ಸೆರೆಗೆ ಹೋಗುವ ಧೈರ್ಯ ಅವನಿಗುಂಟು. ಆ ಎರಡು ಮೊತ್ತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಗಳಿಗೆ ಮಾತ್ರ ಕಥೆಯಲ್ಲಿ ಬರುವುದೇ ಇಲ್ಲ. ಇತಿಹಾಸವು ಇಷ್ಟು ಮೃದುವಾಗಿರಲಿಲ್ಲ. 1922ರಲ್ಲಿ ಒಡೆಯರು ಬಿಳಿಯರ ಸ್ಥಾನಗಳಿಗೆ ಅಗ್ಗದ ಕರಿಯರನ್ನು ತರಲೆಳಸಿದಾಗ ಬಿಳಿಯ ಕೆಲಸಗಾರರು ಬಂಡೆದ್ದರು. ಕರಿಯನಿಗೂ ಸಮವಾದ ಕೂಲಿ ಬೇಕೆಂದಲ್ಲ, ಬೇಲಿ ಉಳಿಯಬೇಕೆಂದು.

ಕಾದಂಬರಿಯು ಜಮಾಖರ್ಚಿನ ಪುಸ್ತಕವಲ್ಲ, ಒಬ್ಬ ಸಜ್ಜನನನ್ನು ಚಿತ್ರಿಸುವುದು ತಪ್ಪೇ ಎಂದು ಕೆಲವರು ಕೇಳಬಹುದು. ತಪ್ಪಲ್ಲ. ಆದರೆ ಸೌಜನ್ಯದ ಬೆಲೆಯನ್ನು ಪೂರ್ತಿಯಾಗಿ ತೋರಿಸದಿದ್ದರೆ ಪಾತ್ರವು ಆದರ್ಶವಾಗಿ ಉಳಿಯುವುದೇ ಹೊರತು ಮನುಷ್ಯನಾಗದು. ಕೃತಿ ಪ್ರಕಟವಾದ 1946ರ ಆಗಸ್ಟ್‌ನಲ್ಲಿಯೇ 60,000ಕ್ಕೂ ಹೆಚ್ಚು ಮಂದಿ ಕರಿಯ ಗಣಿಗಾರರು ಮುಷ್ಕರ ಹೂಡಿದರು. ಪೋಲೀಸರು ಅದನ್ನು ರಕ್ತಪಾತದಿಂದ ಅಡಗಿಸಿದರು. ಅವರು ಕೇಳಿದುದು ದಿನಕ್ಕೆ 10 ಷಿಲ್ಲಿಂಗ್ ಎಂಬ ಖಚಿತವಾದ ಮೊತ್ತ. ಮನುಷ್ಯರೆಂಬ ಮನ್ನಣೆಯನ್ನು ಅವರು ಕೂಲಿಯ ಲೆಕ್ಕದಿಂದ ಬೇರೆಯಾಗಿ ಎಣಿಸಲಿಲ್ಲ. ಕಾದಂಬರಿಕಾರನು ಬೇರೆ ಮಾಡಿದನು.

ಈ ಕೊರತೆಯಿಂದ ಗ್ರಂಥದ ಯೋಗ್ಯತೆ ಕುಂದುವುದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳನ್ನೂ 1956ರವರೆಗೆ ಆಂಗ್ಲ ಕಂಪನಿಯವರೇ ನಡೆಯಿಸಿದರು. ಅಲ್ಲಿಯೂ ಮೇಲಣ ಅಧಿಕಾರ ಐರೋಪ್ಯರದು, ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಬೇನೆ ಕೂಲಿಯವನದು. ಆ ಗಣಿಗಳು 2001ರಲ್ಲಿ ಮುಚ್ಚಿಹೋದವು. ರಕ್ತ ಕಾರುತ್ತಲೇ ಸಾಲದ ಲೆಕ್ಕ ಹಾಕುವ ಆ ರೋಗಿಯು ಕನ್ನಡದ ವಾಚಕರಿಗೆ ಪರದೇಶದವನೆನ್ನಿಸಲಾರನು. ದುಡಿಮೆಯ ಕಥೆಯನ್ನು ಬರೆಯಹೊರಡುವವರು ಈ ಗ್ರಂಥದ ಮೊದಲ ಪ್ರಕರಣಗಳನ್ನು ಮಾದರಿಯಾಗಿಯೂ ಕೊನೆಯ ಪ್ರಕರಣವನ್ನು ಎಚ್ಚರಿಕೆಯಾಗಿಯೂ ಓದಿದರೆ ಲಾಭವುಂಟು.