ಮಾಳಿಗೆಯ ಕಾಳು, ಮರದ ಬಿಜ್ಜು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ ಮಾಳಿಗೆಗಳ ಮೇಲೆ ನೀರಿನ ಬೋಗುಣಿ, ಹಿಡಿ ಜೋಳ ಕಾಣಿಸಿಕೊಳ್ಳುತ್ತವೆ. ಗುಬ್ಬಿ, ಬೆಳವ, ಗೊರವಂಕ, ಪಿಕಳಾರಗಳು ಅಲ್ಲಿ ನೆರೆಯುತ್ತವೆ. ಅವುಗಳ ಹಿಂದೆಯೇ ಗಿಡುಗ ಬರುತ್ತದೆ. ಕಾಳು ಹಾಕಿ ಗುಬ್ಬಿಯನ್ನು ಗಿಡುಗದ ಬಾಯಿಗೆ ಕೊಟ್ಟಂತಾಯಿತು ಎಂಬ ಆಕ್ಷೇಪಕ್ಕೆ ಇಷ್ಟು ಸಾಕು.

ಆಕ್ಷೇಪದಲ್ಲಿ ಅರ್ಧ ಮಾತ್ರ ನಿಜ. ಮುಗಿಲಲ್ಲಿ ಸುತ್ತುವ ಹದ್ದು ಹೆಚ್ಚಾಗಿ ಸತ್ತದ್ದನ್ನು, ಕಸದಲ್ಲಿ ಸಿಕ್ಕಿದ್ದನ್ನು ತಿನ್ನುತ್ತದೆ. ಹೊಲದ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುವ ರಾಮದಾಸ ಹದ್ದಿಗೆ ಇಲಿಯೇ ಮುಖ್ಯ ಆಹಾರ. ಅಂಗಳದ ಹಕ್ಕಿಗಳಿಗೆ ನಿಜವಾದ ಭಯ ಇರುವುದು ಶಿಕ್ರಾ ಎಂದೂ ಕರೆಯುವ ಬಿಜ್ಜುವಿನಿಂದ. ಪಾರಿವಾಳದಷ್ಟೇ ಗಾತ್ರದ ಈ ಹಕ್ಕಿ ಬೇವಿನ ಎಲೆಗಳ ಮರೆಯಲ್ಲಿ ಕೂತು, ತಗ್ಗಿನಲ್ಲಿ ಹಾರಿಬಂದು ಎರಗುತ್ತದೆ. ಅದೂ ದಿನವೆಲ್ಲ ಗುಬ್ಬಿಯನ್ನೇ ಹಿಡಿಯುವುದಿಲ್ಲ. ಓತಿಕೇತ, ಮಿಡತೆ, ಇಲಿ, ಅಳಿಲು ಎಲ್ಲವೂ ಅದಕ್ಕೆ ಆಹಾರವೇ. ಬ್ರಿಟನ್ನಿನಲ್ಲಿ ಬಿಜ್ಜುವಿನ ಹತ್ತಿರದ ಬಂಧುವೊಂದು 1950–60ರ ದಶಕಗಳಲ್ಲಿ ಕೀಟನಾಶಕದಿಂದ ಕ್ಷೀಣಿಸಿ, ಬಳಿಕ ಚೇತರಿಸಿಕೊಂಡಿತು. ಅದು ಮರಳಿದ ಮಾತ್ರಕ್ಕೆ ತೋಟದ ಹಕ್ಕಿಗಳು ನಿರ್ನಾಮವಾಗಲಿಲ್ಲ.

ದೋಷ ಇರುವುದು ಉಣಿಸುವುದರಲ್ಲಿ ಅಲ್ಲ, ಉಣಿಸುವ ಜಾಗದಲ್ಲಿ. ಹಿಂದೆ ಜೋಳದ ಇಲ್ಲವೇ ಸಜ್ಜೆಯ ತೆನೆಗಳ ಗೊಂಚಲನ್ನು ಬಾಗಿಲ ಮುಂದೆ, ಪಡಸಾಲೆಯ ಜಂತಿಗೆ ಕಟ್ಟುತ್ತಿದ್ದರು. ಮೇಲೆ ಸೂರು, ಸುತ್ತ ಕಂಬ, ಕೆಳಗೆ ಜನರ ಓಡಾಟ. ಬಿಜ್ಜುವಿಗೆ ಎರಗಲು ದಾರಿಯೇ ಇಲ್ಲ. ತೆನೆಗೆ ಜೋತುಬಿದ್ದು ತಿನ್ನುವುದು ಗುಬ್ಬಿಗೆ ಸಲೀಸು. ಈಗಿನ ಸಿಮೆಂಟು ಮಾಳಿಗೆಯಲ್ಲಿ ಮರೆಯೆಂಬುದೇ ಇಲ್ಲ. ಅದೇ ಹೊತ್ತಿಗೆ, ಅದೇ ಮೂಲೆಗೆ ದಿನವೂ ಕಾಳು ಬಿದ್ದರೆ ಬೇಟೆಯ ಸಮಯವೂ ಗೊತ್ತಾಗಿಬಿಡುತ್ತದೆ. ಕಾಳು ತುಂಬಿಡುವ ಪೇಟೆಯ ಪ್ಲಾಸ್ಟಿಕ್ ಡಬ್ಬಿಗಿಂತ ಅಜ್ಜಿಯರ ತೆನೆಗೊಂಚಲೇ ಜಾಣತನದ ಏರ್ಪಾಡು. ಸೂರು ಇಲ್ಲದ ಮನೆಯವರು ಬೋಗುಣಿಯನ್ನು ಮುಳ್ಳಿನ ಪೊದೆಯಿಂದ ಆರೇಳು ಅಡಿ ದೂರ ಇಟ್ಟರೆ ಸಾಕು. ಹಕ್ಕಿಗೆ ಓಡಿ ಅಡಗಲು ಸಮಯ ಸಿಗುತ್ತದೆ, ಪೊದೆಯಲ್ಲಿ ಹೊಂಚುವ ಬೆಕ್ಕಿಗೂ ಒಂದೇ ನೆಗೆತಕ್ಕೆ ಎಟುಕದು. ಬಿಜ್ಜು ಬಿಡದೆ ಬರತೊಡಗಿದರೆ ಕೆಲವು ದಿನ ಕಾಳು ನಿಲ್ಲಿಸುವುದೇ ಉಪಾಯ.

ಬಿಜ್ಜುವಿನಂತೆ ಕೊಳಕು ಬೋಗುಣಿಯೂ ಹಕ್ಕಿಗಳನ್ನು ಕೊಲ್ಲುತ್ತದೆ. ಬೆಳವ, ಪಾರಿವಾಳಗಳ ಗಂಟಲಲ್ಲಿರುವ ಒಂದು ಏಕಕೋಶ ಪರೋಪಜೀವಿ ಎಂಜಲು ನೀರು, ಒದ್ದೆ ಕಾಳಿನ ಮೂಲಕ ಹರಡುತ್ತದೆ. ರೋಗದ ಪಾರಿವಾಳ ತಿಂದ ಗಿಡುಗಕ್ಕೂ ಬಾಯಿಹುಣ್ಣು ತಗಲುತ್ತದೆ. ಬೋಗುಣಿಯನ್ನು ದಿನಕ್ಕೊಮ್ಮೆ ತಿಕ್ಕಿ ತೊಳೆದು ಒಣಗಿಸಿದರೆ ಆ ಪರೋಪಜೀವಿ ಸಾಯುತ್ತದೆ. ಉಪ್ಪು, ಎಣ್ಣೆ ಬೆರೆತ ಹಳಸಿದ ಅನ್ನ ಹಾಕುವುದಂತೂ ಉಪಕಾರವಲ್ಲ, ಪಾತ್ರೆ ಖಾಲಿ ಮಾಡುವ ಕೆಲಸ.

ಕವಣೆ ಬೀಸಿ ಬಿಜ್ಜುವನ್ನು ಓಡಿಸುವ ಚಪಲಕ್ಕೆ ಸಮರ್ಥನೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹೊಡೆಯುವುದು ಅಪರಾಧ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಕ್ಕಿಗಳ ತಾಣ ಅಂಕಸಮುದ್ರ ಕೆರೆ 2024ರಲ್ಲಿ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದ್ದಕ್ಕೆ ಹಿಗ್ಗುವ ಜನ ತಮ್ಮ ಅಂಗಳದ ಬೇಟೆಹಕ್ಕಿಯನ್ನು ಕಳ್ಳನೆಂದು ಕಾಣುವುದು ಸರಿಹೊಂದದು. ಒಟ್ಟು ರೂಢಿಯಲ್ಲಿ ನೀರಿಗೆ ಪೂರ್ಣ ಅಂಕ, ಸೂರಿನಡಿಯ ತೆನೆಗೆ ಅದರ ನಂತರದ ಸ್ಥಾನ. ಬಯಲು ಮಾಳಿಗೆಯ ಕಾಳನ್ನು ಮಾತ್ರ ಕೈಬಿಡಬೇಕು.