ಜಗಲಿಯ ಮೇಲಿನ ಪುಸ್ತಕ

ಯೆಹೂದ್ಯರ ಅನುಭಾವಗ್ರಂಥ ‘ಜೋಹರ್’ 1558-60ರಲ್ಲಿ ಇಟಲಿಯ ಮಾಂಟುವಾದಲ್ಲಿ ಅಚ್ಚಾದಾಗ, ಗುಟ್ಟಿನ ಮಾತನ್ನು ಅಚ್ಚಿಗೆ ಕೊಡಬಹುದೇ ಎಂದು ಅವರ ಪಂಡಿತರಲ್ಲೇ ವಾದವೆದ್ದಿತು. ಎಲ್ಲರ ಮನೆ ಸೇರಿದ ಪುಸ್ತಕವೂ ಗುಟ್ಟಾಗಿಯೇ ಉಳಿಯಬಲ್ಲದೆಂಬುದನ್ನು ನಮ್ಮ ಸೀಮೆಯಲ್ಲಿ ಕಾಣಬಹುದು.

ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಹಾವೇರಿ, ರಾಣೇಬೆನ್ನೂರುಗಳ ಹಳೆಯ ಮನೆಗಳಲ್ಲಿ ನಾನು ಕಂಡ ಪ್ರತಿಗಳು ದೇವರ ಜಗಲಿಯ ಮೇಲಿದ್ದವು; ರಟ್ಟಿನ ಮೇಲೆ ವಿಭೂತಿ, ಒಳಗೆ ಬೆರಳು ಸೋಕದ ಹಾಳೆ. ಒಡೆಯರನ್ನಷ್ಟೇ ದೂರಿ ಫಲವಿಲ್ಲ. ‘ಶಾಸ್ತ್ರ’ವೆಂದು ಹೆಸರಿಟ್ಟು, ಹಲವು ಶರಣರ ಮಾತುಗಳನ್ನು ವಿಷಯವಾರು ಪೋಣಿಸಿದವರು ಸಂಪಾದಕರೇ. ತಾಡೋಲೆಯಿಂದ ವಚನಗಳನ್ನು ಬಿಡಿಸಿ ತಂದ ಆ ಮಹನೀಯರ ಋಣ ತೀರುವಂಥದಲ್ಲ, ನಿಜ. ಆದರೆ ಈ ಜೋಡಣೆಯಲ್ಲಿ ಸಿದ್ಧಾಂತ ಮುಂದೆ ಬಂದು, ಒಬ್ಬೊಬ್ಬರ ದನಿ ಹಿಂದೆ ಸರಿಯುತ್ತದೆ. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ನಂಟಿನ ಅಂಬಿಗರ ಚೌಡಯ್ಯನನ್ನೇ ನೋಡಿ: ದೇವರ ಹೆಸರು ಬಿಟ್ಟು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು! ಅಂಥವನ ಒರಟು ಮಾತು ಶಾಸ್ತ್ರದ ಸಾಲಿಗೆ ಕೂಡ್ರುವುದೆ?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರ ಮನೆಯ ಪ್ರತಿಗೆ ರಟ್ಟೇ ಇಲ್ಲ, ಅಂಚೆಲ್ಲ ಸವೆದಿದೆ. ಒಂದು ಪುಟದ ಬದಿಗೆ ಯಾರೋ ಪೆನ್ಸಿಲಿನಲ್ಲಿ, “ಇದು ಹೌದೇನು?” ಎಂದು ಬರೆದಿದ್ದಾರೆ.